ಹುರುಪು ತುಂಬುವ ಮೊದಲು ಹುರುಪು ಕೆಡಿಸುವುದನ್ನು ನಿಲ್ಲಿಸಿ: ಹತ್ತಿಪ್ಪತ್ತು ಜನರ ಘಟಕ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಘಟಕ ಶುರು ಮಾಡಿದ ಎರಡನೇ ವರ್ಷ ನಾನೊಂದು ಪೆದ್ದು ಕೆಲಸ ಮಾಡಿದೆ. ಪೇಟೆಯಿಂದ ಒಬ್ಬರನ್ನು ಕರೆಸಿ ‘ಮೋಟಿವೇಶನ್ ಕ್ಲಾಸ್’ ಮಾಡಿಸಿದೆ. ಅವರು ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು, ‘ನಾನು ಗೆದ್ದೇ ಗೆಲ್ಲುತ್ತೇನೆ’ ಅಂತ ಮೂರು ಸಲ ಕೂಗಿಸಿದರು, ಕೊನೆಗೆ ಎಲ್ಲರಿಗೂ ಒಂದೊಂದು ತುಂಡು ಕೇಕು. ಮರುದಿನ ಬೆಳಿಗ್ಗೆ ಮೂರು ಜನ ಕೆಲಸಕ್ಕೇ ಬರಲಿಲ್ಲ. ಫೋನ್ ಮಾಡಿದೆ. ಪ್ಯಾಕಿಂಗಿನ ಅಕ್ಕ ನೇರವಾಗಿಯೇ ಕೇಳಿದರು: “ಅಣ್ಣಾ, ಕೇಕಿಗೆ ದುಡ್ಡಿತ್ತು, ನಮ್ಮ ಬಟವಾಡೆಗೆ ಇರಲಿಲ್ವಾ?” ಬಟವಾಡೆ ಆಗದೆ ಆಗಲೇ ಹತ್ತು ದಿನ ದಾಟಿತ್ತು.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ತೋಟಗಳ ನಡುವೆ, ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಸಣ್ಣ ಘಟಕ. ಹಾಳೆ ಒತ್ತುವ ಆರು ಪ್ರೆಸ್ಸು, ಹದಿನೇಳು ಜನ. ಅದಕ್ಕಿಂತ ಮೊದಲು ಕೆಲವು ವರ್ಷ ಬೇರೆ ಕಡೆ ಸೂಪರ್‌ವೈಸರ್ ಆಗಿದ್ದೆ, ಅಲ್ಲಿ ಬೈಸಿಕೊಳ್ಳುವುದನ್ನೂ ಬೈಯುವುದನ್ನೂ ಎರಡನ್ನೂ ಚೆನ್ನಾಗಿ ಕಲಿತೆ. ಈ ಬರಹ ದೊಡ್ಡ ಕಂಪನಿಯ ಎಚ್‌ಆರ್ ವಿಭಾಗಕ್ಕಲ್ಲ. ಅಂಗಡಿ, ಬೇಕರಿ, ಪ್ರಿಂಟಿಂಗ್ ಪ್ರೆಸ್ಸು, ಗೇರುಬೀಜದ ಶೆಡ್ಡು, ಹಾಳೆತಟ್ಟೆ ಘಟಕ, ಹೀಗೆ ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡು ತಾವೂ ಅಲ್ಲೇ ಬೆವರು ಸುರಿಸುವವರಿಗೆ. ನಾನು ಹೇಳುವುದು ಒಂದೇ ಮಾತು. ಕೆಲಸಕ್ಕೆ ಬರುವವರು ಹುರುಪು ಇಟ್ಟುಕೊಂಡೇ ಬಂದಿರುತ್ತಾರೆ, ಅದನ್ನು ಕೆಡಿಸುವವರು ಹೆಚ್ಚಾಗಿ ನಾವೇ.

ಮೊದಲ ವಾರ: ಏನೂ ಬದಲಾಯಿಸಬೇಡಿ, ಸುಮ್ನೆ ನೋಡಿ

ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿಟ್ಟುಕೊಳ್ಳಿ. ಒಂದು ವಾರ ಒಂದೇ ವಿಷಯ ಬರೆಯಿರಿ: ಯಾರು, ಯಾವಾಗ, ಯಾವುದಕ್ಕಾಗಿ ಕಾಯುತ್ತಾ ಕೂತರು. ಯಾರು ಸೋಮಾರಿ ಅಂತ ಬರೆಯಬೇಡಿ, ಅದು ನಿಮ್ಮ ಅಭಿಪ್ರಾಯ. ಕಾದದ್ದು ಮಾತ್ರ ಬರೆಯಿರಿ.

ನಾನು ಬರೆದಾಗ ಕಂಡದ್ದು ಇದು. ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿನವರು ಬಂದು ಕೂರುತ್ತಾರೆ. ಹಾಳೆ ನೀರಲ್ಲಿ ನೆನೆದು ಮೆತ್ತಗಾಗಿ, ನೀರಿಳಿದು, ಕೈಗೆ ಬರುವಾಗ ಒಂಬತ್ತೂಮುಕ್ಕಾಲು. ಯಾಕೆಂದರೆ ನೆನೆಸುವವನೂ ಒಂಬತ್ತಕ್ಕೇ ಬರುತ್ತಿದ್ದ. ತಟ್ಟೆಯ ಅಚ್ಚು, ಅಂದರೆ ಡೈ, ಬಿಸಿಯಾಗುವುದಕ್ಕೂ ಹೊತ್ತು ಬೇಕು, ಆ ಸ್ವಿಚ್ ಹಾಕುವ ಹಕ್ಕು ನನಗೆ ಮಾತ್ರ ಇತ್ತು, ನಾನು ಬರುವುದು ಒಂಬತ್ತೂವರೆಗೆ. ಅಂದರೆ ದಿನಾ ಬೆಳಿಗ್ಗೆ ಆರು ಜನ ಮುಕ್ಕಾಲು ಗಂಟೆ ನನಗಾಗಿ ಕಾಯುತ್ತಿದ್ದರು, ಸಂಜೆ ನಾನು ಅವರಿಗೇ ‘ಇವತ್ತು ಲೆಕ್ಕ ಕಡಿಮೆಯಾಯ್ತಲ್ಲ’ ಅಂತ ಮುಖ ಗಂಟಿಕ್ಕುತ್ತಿದ್ದೆ. ನೆನೆಸುವವನನ್ನು ಎಂಟೂಕಾಲಕ್ಕೆ ಬರಹೇಳಿ, ಮೂರೂಮುಕ್ಕಾಲಕ್ಕೇ ಮನೆಗೆ ಬಿಟ್ಟು, ಸ್ವಿಚ್ಚಿನ ಕೆಲಸವನ್ನೂ ಅವನಿಗೇ ಕೊಟ್ಟದ್ದಷ್ಟೇ. ಭಾಷಣ ಇಲ್ಲ, ಕೇಕು ಇಲ್ಲ, ಆದರೂ ದಿನದ ಲೆಕ್ಕ ಏರಿತು.

ಎರಡನೆಯದು: ಬಟವಾಡೆ, ನೀರು, ಕಕ್ಕಸು

ಇದನ್ನು ಓದಿ ನಗಬೇಡಿ. 1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ವಿಚಾರ ಮುಂದಿಟ್ಟ. ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರು, ಅಕೌಂಟೆಂಟುಗಳನ್ನು ಮಾತಾಡಿಸಿ ಅವನು ಕಂಡುಕೊಂಡದ್ದು ಹೀಗೆ. ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗ ಇವೆಲ್ಲ ಕೆಟ್ಟಿದ್ದರೆ ಜನ ಬೇಸರಪಡುತ್ತಾರೆ, ಸರಿಯಾದರೆ ಆ ಬೇಸರ ಹೋಗುತ್ತದೆ, ಅಷ್ಟೆ. ಹುರುಪು ಬರುವುದು ಬೇರೆ ಕಡೆಯಿಂದ: ಒಂದು ಕೆಲಸ ಮಾಡಿ ಮುಗಿಸಿದೆ ಅನ್ನಿಸುವುದು, ಅದನ್ನು ಇನ್ನೊಬ್ಬರು ಗುರುತಿಸುವುದು, ಜವಾಬ್ದಾರಿ ಸಿಗುವುದು. ಸಂಬಳ ಹುರುಪು ಕೊಡುವುದಿಲ್ಲ ಅನ್ನುವ ಅವನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅವನು ಕೇಳಿದ್ದು ತಿಂಗಳ ಸಂಬಳದ ಇಂಜಿನಿಯರುಗಳನ್ನು, ಇಲ್ಲಿ ನಮ್ಮ ಜನ ಮಳೆಗಾಲಕ್ಕೆ ಅಕ್ಕಿ ಕೂಡಿಡಬೇಕು. ಆದರೆ ಕ್ರಮ ಮಾತ್ರ ಸರಿ, ಮೊದಲು ಬೇಸರದ ಕಾರಣ ತೆಗೆಯಬೇಕು.

ಬಟವಾಡೆ ಯಾಕೆ ತಡವಾಗುತ್ತದೆ? ತಟ್ಟೆ ತೆಗೆದುಕೊಂಡ ಪಾರ್ಟಿ ದುಡ್ಡು ತಡಮಾಡಿದ, ಹಾಗಾಗಿ ನಾವೂ ತಡಮಾಡಿದೆವು. ಅಂದರೆ ನಿಮ್ಮ ವ್ಯಾಪಾರಕ್ಕೆ ಸಾಲ ಕೊಡುತ್ತಿರುವವರು ಬ್ಯಾಂಕಿನವರಲ್ಲ, ನಿಮ್ಮ ಹತ್ತಿರ ಕೂಲಿಗೆ ಬರುವ ಹೆಂಗಸರು, ಅದೂ ಬಡ್ಡಿ ಇಲ್ಲದೆ! ಇದಕ್ಕೆ ನಾನು ಮಾಡಿದ್ದು ಹೀಗೆ. ಬೇರೆಯೇ ಒಂದು ಖಾತೆ ತೆರೆದೆ. ಒಳ್ಳೆಯ ತಿಂಗಳುಗಳಲ್ಲಿ, ಅಂದರೆ ಮದುವೆ ಸೀಸನ್ನಿನಲ್ಲಿ, ಬಂದ ಪ್ರತಿ ಪಾವತಿಯಿಂದ ಸ್ವಲ್ಪ ಸ್ವಲ್ಪ ಅದಕ್ಕೆ ಹಾಕಿ ಎರಡು ವಾರದ ಕೂಲಿಯಷ್ಟು ಜಮಾ ಮಾಡಿದೆ. ಆ ದುಡ್ಡಿಗೆ ಬೇರೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಶನಿವಾರ ಸಂಜೆ ನಾಲ್ಕಕ್ಕೆ ಬಟವಾಡೆ. ನಾಲ್ಕೂವರೆಯ ಬಸ್ಸಿಗೆ ಹೋಗುವವರು ಓಡಬಾರದು ಅಂತ ನಾಲ್ಕಕ್ಕೆ.

ಶನಿವಾರವೇ ಯಾಕೆ ಅಂದರೆ, ನಮ್ಮಲ್ಲಿ ಬರುವ ಹೆಚ್ಚಿನವರು ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀಯ ಸದಸ್ಯೆಯರು, ಭಾನುವಾರ ಅವರ ನೆರೆಹೊರೆ ಗುಂಪಾದ ಅಯಲ್‌ಕೂಟದ ಸಭೆ, ಅಲ್ಲಿ ವಾರದ ಉಳಿತಾಯ ಕಟ್ಟಬೇಕು, ಸಾಲದ ಕಂತು ಕಟ್ಟಬೇಕು. ದುಡ್ಡು ತರದೆ ಹೋದವರಿಗೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವ ಹಾಗಾಗುತ್ತದೆ. ನಾನು ಸೋಮವಾರ ಕೊಟ್ಟರೂ ಅದೇ ದುಡ್ಡು, ಆದರೆ ಅವರಿಗೆ ಆ ಒಂದು ದಿನ ತುಂಬ ದೊಡ್ಡದು. ಇದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು, ಯಾಕೆಂದರೆ ನಾನು ಕೇಳಿರಲೇ ಇಲ್ಲ.

ಕಕ್ಕಸಿನ ವಿಷಯ ಚಿಕ್ಕದಾಗಿ: ಚಿಲಕ, ನೀರು, ಬೆಳಕು, ಮುಚ್ಚಳ ಇರುವ ಬಕೆಟ್ಟು. ಹೆಂಗಸರು ಬೆಳಗ್ಗಿನಿಂದ ಸಂಜೆವರೆಗೆ ನೀರೇ ಕುಡಿಯದೆ ಕೂರುತ್ತಿದ್ದರೆ ಅದಕ್ಕೆ ಕಾರಣ ನಿಮ್ಮ ಕಕ್ಕಸು. ಬಿಸಿ ಪ್ರೆಸ್ಸಿನ ಮುಂದೆ ಕೂತು ನೀರು ಕುಡಿಯದಿದ್ದರೆ ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ತಿರುಗುತ್ತದೆ. ಕೈಸುಡುವುದು ಜಾಸ್ತಿ ಆಗ್ತಿದ್ದದ್ದೂ ಅದೇ ಹೊತ್ತಿಗೆ.

ಕಾನೂನಿನದ್ದೂ ಇಲ್ಲೇ ಮುಗಿಸಿಬಿಡೋಣ. ಹತ್ತು ಜನ ಆದರೆ ಕೆಲಸದವರ ಚಿಕಿತ್ಸೆ ವಿಮೆಯಾದ ಇಎಸ್‌ಐ ನೋಡಿಕೊಳ್ಳಿ, ಕೂಲಿಯಲ್ಲಿ ಕೆಲಸದವರ ಪಾಲು ಶೇ. 0.75, ನಿಮ್ಮ ಪಾಲು ಶೇ. 3.25. ಇಪ್ಪತ್ತಾದರೆ ಭವಿಷ್ಯನಿಧಿ, ಅಂದರೆ ಪಿಎಫ್. ಬೋನಸ್ ಅನ್ವಯವಾಗುವವರಿಗೆ ವರ್ಷದ ಕೂಲಿಯ ಕನಿಷ್ಠ ಶೇ. 8.33, ಗರಿಷ್ಠ ಶೇ. 20, ಅದನ್ನು ಕೇರಳದಲ್ಲಿ ಓಣಂಗೆ ಮೊದಲು ಕೊಡದಿದ್ದರೆ ಕೊಟ್ಟ ಲೆಕ್ಕವೇ ಅಲ್ಲ. ಹತ್ತು ಜನ ಇದ್ದಲ್ಲಿ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಹೊರಗಿನ ಒಬ್ಬ ಸದಸ್ಯರೂ ಬೇಕು. ಯೂನಿಯನ್‌ನವರು ಬಂದರೆ ಹೆದರಬೇಡಿ, ಕೂರಿಸಿ ಚಾ ಕೊಡಿ, ಹಾಜರಿ ಪುಸ್ತಕ ತೋರಿಸಿ. ಪುಸ್ತಕ ಸರಿಯಿದ್ದರೆ ಮಾತು ಅರ್ಧ ಗಂಟೆಗೆ ಮುಗಿಯುತ್ತದೆ.

ಮೂರನೆಯದು: ಯಾವ ಭಾಷೆಯಲ್ಲಿ ಹೇಳುತ್ತಿದ್ದೀರಿ?

ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ವೇದಿಕೆ ಮೇಲೆ ಹೊಗಳುವುದು ಸುಲಭ. ಆ ಏಳು ಭಾಷೆಯವರಿಂದ ಒಂದೇ ಅಳತೆಯ ತಟ್ಟೆ ಮಾಡಿಸಿ ನೋಡಿ! ನಮ್ಮಲ್ಲಿ ಮನೆಮಾತು ತುಳು, ಕನ್ನಡ, ಮಲಯಾಳ, ಬ್ಯಾರಿ, ಮರಾಠಿ. ಈಗ ಲೋಡಿಂಗಿಗೆ ಬಂಗಾಳದ ಇಬ್ಬರು ಹುಡುಗರು. ನಾನು ಚಂದದ ಕನ್ನಡದಲ್ಲಿ ಹತ್ತು ನಿಯಮ ಬರೆದು ಗೋಡೆಗೆ ಅಂಟಿಸಿದ್ದೆ. ಅದನ್ನು ಪೂರ್ತಿ ಓದಬಲ್ಲವರು ಐದು ಜನ, ಓದಿದವರು ನಾನೊಬ್ಬ.

ಈಗ ಗೋಡೆಯಲ್ಲಿ ಬರಹ ಇಲ್ಲ. ಎರಡು ಮೊಳೆ ಇವೆ. ಒಂದರಲ್ಲಿ ಒಳ್ಳೆಯ ತಟ್ಟೆಗಳು, ಇನ್ನೊಂದರಲ್ಲಿ ಬೇಡದವು: ಅಂಚು ಸೀಳಿದ್ದು, ಕರಟಿದ್ದು, ಬೂಸ್ಟಿನ ಚುಕ್ಕೆ ಇರುವುದು, ಒಂದು ಕಡೆ ತೆಳ್ಳಗಾದದ್ದು. ಹೊಸಬರು ಬಂದರೆ ಕೈಗೆ ಕೊಟ್ಟು ಮುಟ್ಟಿಸುತ್ತೇವೆ. ಮಾತು ಬೇಡವೇ ಬೇಡ.

ಆದರೆ ಬೈಯುವುದು, ಸಮಾಧಾನ ಮಾಡುವುದು, ದುಡ್ಡಿನ ವಿಷಯ, ಈ ಮೂರನ್ನು ಮಾತ್ರ ಅವರವರ ಮನೆಮಾತಿನಲ್ಲಿ ಮಾಡಿ. ನಿಮಗೆ ಬರದಿದ್ದರೆ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಲಿತ ಭಾಷೆಯಲ್ಲಿ ಬೈದರೆ ನಾವು ಹೇಳಿದ್ದಕ್ಕಿಂತ ಎರಡು ಪಟ್ಟು ಒರಟಾಗಿ ಕೇಳಿಸುತ್ತದೆ. ನನ್ನ ಮಲಯಾಳದಲ್ಲಿ ಮರ್ಯಾದೆಯ ಮಾತುಗಳು ಕಡಿಮೆ, ಅದರಿಂದ ಒಂದು ಸಲ ಒಳ್ಳೆಯ ಕೆಲಸಗಾರ್ತಿಯನ್ನು ಕಳೆದುಕೊಂಡಿದ್ದೇನೆ.

ನಾಲ್ಕನೆಯದು: ರೇಟು ಬೋರ್ಡಿನಲ್ಲಿರಲಿ

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 70ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದು ವ್ಯಾಪಾರಿ ಹೇಳಿದ್ದೇ ರೇಟು ಅನ್ನುವಂತಾಗಿತ್ತು. ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿಕೊಂಡು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರಿ ಸಂಘ ಹುಟ್ಟಿತು. ಇವತ್ತು ನಾವು ಅಡಿಕೆ ಮಾರುವ ಮೊದಲು ಇವತ್ತಿನ ರೇಟೆಷ್ಟು ಅಂತ ನೋಡಿಯೇ ಮನೆಯಿಂದ ಹೊರಡುತ್ತೇವೆ, ಅಲ್ವಾ? ಹಾಗಿದ್ದ ಮೇಲೆ ನಮ್ಮ ಹತ್ತಿರ ದುಡಿಯುವವರು ತಮ್ಮ ದಿನದ ಲೆಕ್ಕ ತಿಳಿಯಲು ಶನಿವಾರದವರೆಗೆ ಯಾಕೆ ಕಾಯಬೇಕು?

ಪೂರ್ತಿ ಪೀಸ್‌ರೇಟ್ (ತಟ್ಟೆಯ ಲೆಕ್ಕಕ್ಕೇ ಕೂಲಿ) ಮಾಡಿದಾಗ ನಮ್ಮಲ್ಲಿ ಆದದ್ದು: ಸಂಖ್ಯೆ ಏರಿತು, ಕರಟಿದ ತಟ್ಟೆಯೂ ಏರಿತು, ಒಳ್ಳೆಯ ಹಾಳೆಯ ಕಟ್ಟಿಗಾಗಿ ಬೆಳಿಗ್ಗೆ ಜಗಳ ಶುರುವಾಯಿತು. ಪೂರ್ತಿ ದಿನಗೂಲಿ ಮಾಡಿದಾಗ ಜಗಳ ನಿಂತಿತು, ವೇಗವೂ ನಿಂತಿತು. ಈಗ ಎರಡನ್ನೂ ಸೇರಿಸಿದ್ದೇವೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ದಿನಗೂಲಿ ಖಂಡಿತ. ಒಂದು ಪ್ರೆಸ್ಸಿಗೆ ದಿನಕ್ಕೆ 500 ತಟ್ಟೆ ಸಾಮಾನ್ಯ. ಅದರ ಮೇಲೆ ಬಂದ, ಸಾರ್ಟಿಂಗಿನಲ್ಲಿ ಪಾಸಾದ ಪ್ರತಿ ತಟ್ಟೆಗೆ ಒಂದು ರೂಪಾಯಿ, ಅದು ಎಲ್ಲರಿಗೂ ಸಮಪಾಲು. ಆರು ಪ್ರೆಸ್ಸಿನಲ್ಲಿ ನೂರು ನೂರು ಹೆಚ್ಚು ಬಂದರೆ 600 ರೂಪಾಯಿ. ಹದಿನೇಳು ಜನರಿಗೆ ಹಂಚಿದರೆ ತಲಾ 35 ರೂಪಾಯಿ ಚಿಲ್ಲರೆ, 25 ದಿನಕ್ಕೆ 882. ದೊಡ್ಡ ಮೊತ್ತ ಅಲ್ಲ. ಆದರೆ ನೆನೆಸುವವನು ತಡಮಾಡಿದರೆ ಈಗ ಕೇಳುವುದು ನಾನಲ್ಲ, ಪ್ರೆಸ್ಸಿನವರು. ಸಂಜೆ ಹೋಗುವಾಗ ಬೋರ್ಡಿನಲ್ಲಿ ಅವತ್ತಿನ ಸಂಖ್ಯೆ ಬರೆದಿರಬೇಕು. ಬರೆಯುವುದು ನಾನಲ್ಲ, ಸಾರ್ಟಿಂಗಿನವರು.

ಒಂದು ಎಚ್ಚರಿಕೆ: ಗುರಿ ಮುಟ್ಟಿದ ಕೂಡಲೇ 500 ಅನ್ನು 550 ಮಾಡಬೇಡಿ. ಮಾಡಿದಿರೋ, ಮತ್ತೆ ಯಾರೂ ಗುರಿ ಮುಟ್ಟುವುದಿಲ್ಲ. ಅವರೂ ಲೆಕ್ಕ ಬಲ್ಲವರೇ.

ಐದನೆಯದು: ಬೇಜಾರು ಕೂಡ ಒಂದು ಖರ್ಚು

ಒಂದೇ ಕೆಲಸ ದಿನವಿಡೀ ಮಾಡಿದರೆ ಯಾರಿಗೂ ಬೇಜಾರೇ. ಬೀಡಿ ಕಟ್ಟುವವರು ಇದಕ್ಕೆ ನಮ್ಮ ಸೀಮೆಯಲ್ಲೇ ದಾರಿ ಕಂಡುಕೊಂಡಿದ್ದರು. ಕಣ್ಣೂರು ಕಡೆಯ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಪೇಪರು, ಕಥೆ ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಾ ಬೀಡಿ ಕಟ್ಟುತ್ತಾ, ಓದಿದವರ ಪಾಲಿನ ಬೀಡಿಯನ್ನೂ ತಾವೇ ಕಟ್ಟಿಕೊಡುತ್ತಿದ್ದರು. 1969ರಲ್ಲಿ, ಖಾಸಗಿ ಮಾಲಿಕರು ಬೀಡಿ ಶೆಡ್ಡುಗಳನ್ನು ಮುಚ್ಚಿ ಸಾವಿರಾರು ಜನ ಬೀದಿಗೆ ಬಿದ್ದ ಮೇಲೆ, ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದವರು ಇಂಥ ಕೆಲಸಗಾರರೇ.

ನಮ್ಮಲ್ಲಿ ಪ್ರೆಸ್ಸಿನ ಸದ್ದಿನಲ್ಲಿ ಓದು ಸಾಧ್ಯವಿಲ್ಲ. ಪ್ಯಾಕಿಂಗಿನಲ್ಲಿ ರೇಡಿಯೋ ಇದೆ. ಮಂಗಳೂರು ಆಕಾಶವಾಣಿಯೋ ಮಲಯಾಳಂ ಹಾಡೋ ಅಂತ ಒಂದು ತಿಂಗಳು ಗಲಾಟೆ ನಡೆಯಿತು, ನಾನು ಬಾಯಿ ಹಾಕಲಿಲ್ಲ. ಮಧ್ಯಾಹ್ನದವರೆಗೆ ಒಂದು, ಗಂಜಿ ಆದ ಮೇಲೆ ಇನ್ನೊಂದು ಅಂತ ಅವರೇ ತೀರ್ಮಾನಿಸಿಕೊಂಡರು. ಜತೆಗೆ ಎರಡು ಗಂಟೆಗೊಮ್ಮೆ ಜಾಗ ಬದಲು: ಪ್ರೆಸ್ಸಿನವರು ಸಾರ್ಟಿಂಗಿಗೆ, ಸಾರ್ಟಿಂಗಿನವರು ಪ್ರೆಸ್ಸಿಗೆ. ಬೆನ್ನಿಗೂ ಒಳ್ಳೆಯದು. ಒಬ್ಬರು ರಜೆ ಹಾಕಿದರೆ ಕೆಲಸ ನಿಲ್ಲುವುದೂ ಇಲ್ಲ.

ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗ ನಡೆಸಿದವರು ಬೆಳಕು ಬದಲಾಯಿಸಿ ನೋಡಿದರು, ವಿರಾಮ ಕೊಟ್ಟು ನೋಡಿದರು. ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ, ಕೇಳುತ್ತಿದ್ದಾರೆ ಅನ್ನುವುದೇ ಕೆಲಸ ಹೆಚ್ಚಿಸಿತು ಅಂತ ಆಮೇಲೆ ಜಗತ್ತೆಲ್ಲ ಹೇಳಿಕೊಂಡು ಬಂತು. ಆ ಲೆಕ್ಕಗಳ ಬಗ್ಗೆ ತಕರಾರು ಸಾಕಷ್ಟಿದೆ. ನನಗೆ ಅದರಲ್ಲಿ ಬೇಕಾದದ್ದು ಒಂದೇ. ಚಾ ವಿರಾಮದ ಹತ್ತು ನಿಮಿಷ ನಷ್ಟ ಅಂತ ಲೆಕ್ಕ ಹಾಕುವುದನ್ನು ಬಿಟ್ಟೆ.

ಆರನೆಯದು: ಪದ್ಯ ನಿಮ್ಮದು, ಅರ್ಥ ಅವರದ್ದು

ಜವಾಬ್ದಾರಿ ಬಿಟ್ಟುಕೊಡುವುದು ಎಲ್ಲಕ್ಕಿಂತ ಕಷ್ಟ. ಯಕ್ಷಗಾನ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಪ್ರಸಂಗ ಯಾವುದು, ಯಾವ ಪದ್ಯ ಹಾಡಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಮುಗಿಸಬೇಕು, ಇದೆಲ್ಲ ಭಾಗವತರ ಕೈಯಲ್ಲಿ. ಆದರೆ ಪದ್ಯ ಮುಗಿದ ಮೇಲೆ ಕರ್ಣ ಏನು ಮಾತಾಡಬೇಕು ಅಂತ ಭಾಗವತರು ಬರೆದು ಕೊಡುವುದಿಲ್ಲ. ಆ ಮಾತಿಗೆ ‘ಅರ್ಥ’ ಅನ್ನುತ್ತಾರೆ, ಅದು ವೇಷಧಾರಿಯ ಸ್ವಂತದ್ದು. ಹೊಸ ಹುಡುಗನ ವೇಷವಾದರೆ ಪದ್ಯ ಚಿಕ್ಕದು ಮಾಡಿ, ಪಕ್ಕದಿಂದ ಎರಡು ಮಾತು ಎತ್ತಿಕೊಟ್ಟು, ಬೇಗ ಒಳಗೆ ಕಳಿಸುತ್ತಾರೆ. ಹಳೇ ಹುಲಿಯಾದರೆ ಸುಮ್ಮನೆ ಕೂತು ಕೇಳುತ್ತಾರೆ.

ಹಾಗೇ ಮಾಡಿ. ‘ನಾಳಿದ್ದು ಶುಕ್ರವಾರದೊಳಗೆ ಈ ಸೈಜಿನ ಐದು ಸಾವಿರ ತಟ್ಟೆ ಹೋಗಬೇಕು’ ಅನ್ನುವುದು ಪದ್ಯ. ಯಾವ ಪ್ರೆಸ್ಸಿಗೆ ಯಾವ ಡೈ, ಯಾರು ಮೊದಲು, ಇದು ಅರ್ಥ. ಹೊಸಬರಿಗೆ ಎರಡನ್ನೂ ಹೇಳಿ, ದಿನಕ್ಕೆ ಎರಡು ಸಲ ಹೋಗಿ ನೋಡಿ. ಐದು ವರ್ಷದಿಂದ ಇರುವವರಿಗೆ ಪದ್ಯ ಹೇಳಿ ಅಲ್ಲಿಂದ ನಡೆಯಿರಿ. ನಿಂತು ನೋಡಿದರೆ ಕೈ ತುರಿಸುತ್ತದೆ, ಬಾಯಿ ಬಿಡುತ್ತೀರಿ, ಕೆಲಸ ಮತ್ತೆ ನಿಮ್ಮ ತಲೆಗೇ ಬರುತ್ತದೆ.

ಇನ್ನೊಂದು ವಿಷಯ. ಕುಟುಂಬಶ್ರೀ 1998ರಲ್ಲಿ ಶುರುವಾದದ್ದು, ಅಂದರೆ ನಿಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕಂದಿರಲ್ಲಿ ಕೆಲವರು ಇಪ್ಪತ್ತು ವರ್ಷದಿಂದ ಲೆಕ್ಕ ಬರೆದವರು, ಸಭೆ ನಡೆಸಿದವರು, ಸಾಲ ವಸೂಲಿ ಮಾಡಿದವರು. ನಮ್ಮ ಪ್ಯಾಕಿಂಗಿನ ಅಕ್ಕ ಅವರ ಕೂಟದಲ್ಲಿ ಕಾರ್ಯದರ್ಶಿ. ನನ್ನಲ್ಲಿ ಮೂರು ವರ್ಷ ಅವರು ಟೇಪ್ ಅಂಟಿಸಿದ್ದು ಬಿಟ್ಟರೆ ಬೇರೆ ಏನೂ ಮಾಡಿರಲಿಲ್ಲ. ಸ್ಟಾಕ್ ಪುಸ್ತಕ ಕೊಟ್ಟ ಮೊದಲ ತಿಂಗಳೇ ನನ್ನ ಲೆಕ್ಕದಲ್ಲಿ ಎರಡು ತಪ್ಪು ಹಿಡಿದರು.

ಏಳನೆಯದು: ಮೇಸ್ತ್ರಿಯನ್ನು ಆರಿಸುವಾಗ

ಎಲ್ಲರಿಗಿಂತ ಜೋರಾಗಿ ಪ್ರೆಸ್ಸು ಹೊಡೆಯುವ ಹುಡುಗನನ್ನು ಮೇಸ್ತ್ರಿ ಮಾಡಿದೆ. ಒಳ್ಳೆಯ ಕೆಲಸಗಾರ ಹೋದ, ಕೆಟ್ಟ ಮೇಸ್ತ್ರಿ ಸಿಕ್ಕಿದ. ತನ್ನಷ್ಟು ವೇಗ ಇಲ್ಲದವರೆಲ್ಲ ಅವನ ಕಣ್ಣಿಗೆ ಕಳ್ಳರು. ಆರಿಸುವ ಮೊದಲು ಒಂದು ಸುಲಭದ ಪರೀಕ್ಷೆ ಮಾಡಿ: ಹೊಸಬರು ಬಂದಾಗ ಅವರು ತಾವಾಗಿ ಯಾರ ಹತ್ತಿರ ಹೋಗಿ ಕೇಳುತ್ತಾರೆ ಅಂತ ನೋಡಿ. ನಿಮ್ಮ ಮೇಸ್ತ್ರಿ ಅವರೇ, ನೀವು ಇನ್ನೂ ಹೆಸರು ಕೊಟ್ಟಿಲ್ಲ ಅಷ್ಟೆ. ವೇಗದ ಹುಡುಗನಿಗೆ ವೇಗಕ್ಕೆ ತಕ್ಕ ಕೂಲಿ ಕೊಡಿ, ಮೇಸ್ತ್ರಿಗಿರಿಯೇ ಬಡ್ತಿ ಆಗಬೇಕಾಗಿಲ್ಲ.

ಎಂಟನೆಯದು: ಹೊಗಳುವುದು, ಬೈಯುವುದು

ಹೊಗಳಿಕೆ ಎಲ್ಲರ ಮುಂದೆ, ಬೈಗುಳ ಒಬ್ಬರಿಗೇ ಅಂತ ಹೇಳುತ್ತಾರೆ. ಅರ್ಧ ಸರಿ. ನಮ್ಮ ಕಡೆ ಕೆಲವರಿಗೆ ಎಲ್ಲರ ಮುಂದೆ ಹೊಗಳಿದರೂ ಮುಜುಗರ, ಗಂಜಿ ಹೊತ್ತಿನಲ್ಲಿ ಉಳಿದವರು ಕಾಲೆಳೆಯುತ್ತಾರೆ. ಹಾಗಾಗಿ ಹೊಗಳುವಾಗ ವ್ಯಕ್ತಿಯನ್ನು ಬಿಟ್ಟು ಕೆಲಸ ಹೇಳಿ. ‘ನೀವು ಬಹಳ ಒಳ್ಳೆಯವರು’ ಬೇಡ. ‘ನಿನ್ನೆ ಮಳೆ ಬರುವ ಮೊದಲೇ ಹಾಳೆ ಕಟ್ಟಿಗೆ ಟಾರ್ಪಾಲು ಹೊದೆಸಿದ್ದಿರಲ್ಲ, ನಲವತ್ತು ಕಟ್ಟು ಉಳಿಯಿತು’ ಅಂತ ಹೇಳಿ. ಜೂನ್ ತಿಂಗಳಲ್ಲಿ ಒದ್ದೆಯಾದ ಹಾಳೆಗೆ ಬೂಸ್ಟು ಹಿಡಿಯುವುದು ಎಷ್ಟು ಬೇಗ ಅಂತ ಗೊತ್ತಿದ್ದವರಿಗೆ ಆ ಮಾತಿನ ಬೆಲೆ ಗೊತ್ತು.

ತಪ್ಪಾದಾಗ ಮೊದಲು ಕೇಳಿ. ಒಂದು ಸಲ ಇಡೀ ಮಧ್ಯಾಹ್ನದ ತಟ್ಟೆ ಕರಟಿತ್ತು. ನಾನು ಗಂಟಲು ಸರಿಮಾಡಿಕೊಂಡೇ ಹೋಗಿದ್ದೆ. “ಏನಾಯ್ತು ಅಕ್ಕಾ?” ಅಂದೆ. “ಹೀಟರ್ ಹತೋಟಿಗೆ ಸಿಗ್ತಾ ಇಲ್ಲ ಅಂತ ಸೋಮವಾರವೇ ಹೇಳಿದ್ದೆ ಅಣ್ಣಾ, ನೀವು ಫೋನಲ್ಲಿದ್ರಿ” ಅಂದರು. ಹೌದು, ಹೇಳಿದ್ದರು. ಅದರಿಂದಲೇ ಈಗ ಬೆಳಿಗ್ಗೆ ಹತ್ತು ನಿಮಿಷ ನಿಂತುಕೊಂಡೇ ಮಾತು: ನಿನ್ನೆ ಏನು ಕೆಟ್ಟಿತು, ಇವತ್ತು ಏನು ಬೇಕು. ಕುರ್ಚಿ ಹಾಕಿದರೆ ಅರ್ಧ ಗಂಟೆ ಆಗುತ್ತದೆ. ಬಂದ ದೂರು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು, ಸರಿಯಾದ ಮೇಲಷ್ಟೇ ಅಳಿಸಬೇಕು, ಅಳಿಸುವವರು ದೂರು ಕೊಟ್ಟವರೇ.

ಒಂಬತ್ತನೆಯದು: ನಿಮ್ಮ ಕ್ಯಾಲೆಂಡರ್ ಬಿಡಿ, ಅವರದ್ದು ನೋಡಿ

ಹಾಳೆ ಸಿಗುವುದು ಬೇಸಿಗೆಯಲ್ಲಿ, ಆರ್ಡರು ಬರುವುದೂ ಬೇಸಿಗೆಯ ಮದುವೆಗಳಿಗೆ, ಜನ ರಜೆ ಕೇಳುವುದೂ ಅದೇ ಮದುವೆಗಳಿಗೆ. ಜತೆಗೆ ಕೋಲ, ತೆಯ್ಯಂ, ಉರೂಸು. ಇದರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಡಿಸೆಂಬರಿನಲ್ಲೇ ದೊಡ್ಡ ಕಾಗದದಲ್ಲಿ ಮೇ ತನಕದ ತಿಂಗಳುಗಳನ್ನು ಬರೆದು ಗೋಡೆಗೆ ಹಾಕಿ, ಬೇಕಾದ ರಜೆಗೆ ಅವರವರೇ ಗುರುತು ಹಾಕಲಿ. ಒಂದೇ ದಿನಕ್ಕೆ ಆರು ಗುರುತು ಬಿದ್ದರೆ ಅವರೇ ಮಾತಾಡಿಕೊಳ್ಳುತ್ತಾರೆ. ಮನೆಯ ಭೂತಕ್ಕೆ ಕೋಲ ಇರುವವರಿಗೆ ಉಳಿದವರೇ ಜಾಗ ಬಿಡುತ್ತಾರೆ, ನಾನು ಬಿಡಿಸಹೋಗಿದ್ದರೆ ಜಗಳವೇ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯ ತಿಂಗಳಲ್ಲಿ, ಕೆಲಸ ಕಡಿಮೆ, ಆಗ ಮೆಷಿನ್ ರಿಪೇರಿ, ಬೇರೆ ಬೇರೆ ಜಾಗದ ಕೆಲಸ ಕಲಿಸುವುದು. ಆ ತಿಂಗಳು ಯಾರನ್ನು ಕೂಲಿ ಇಲ್ಲದೆ ಮನೆಗೆ ಕಳಿಸುತ್ತೀರೋ ಅವರು ಫೆಬ್ರವರಿಯಲ್ಲಿ ನಿಮಗೆ ಸಿಗುವುದಿಲ್ಲ.

ಕೊನೆಗೆ: ಮೂರು ದಿನ ಊರು ಬಿಡಿ

ಇಷ್ಟೆಲ್ಲ ಆರು ತಿಂಗಳು ಮಾಡಿದ ಮೇಲೆ, ಆರ್ಡರು ಇರುವ ವಾರದಲ್ಲೇ, ಮೂರು ದಿನ ಎಲ್ಲಿಗಾದರೂ ಹೋಗಿ. ಫೋನ್ ಆಫ್ ಮಾಡಬೇಡಿ, ನೀವಾಗಿ ಯಾರಿಗೂ ಫೋನ್ ಮಾಡಲೂ ಬೇಡಿ. ಬಂದ ಪ್ರತಿ ಫೋನನ್ನೂ ಅದೇ ಹಳೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ: ಯಾರು, ಏನು ಕೇಳಿದರು. ಆ ಒಂದೊಂದು ಫೋನೂ ನೀವಿನ್ನೂ ಬಿಟ್ಟುಕೊಡದ ಒಂದೊಂದು ಕೆಲಸ.

ಮೊದಲ ಸಲ ನಾನು ಧರ್ಮಸ್ಥಳಕ್ಕೆ ಹೋಗಿದ್ದಾಗ ಒಂದೇ ದಿನಕ್ಕೆ ಹತ್ತೊಂಬತ್ತು ಫೋನು, ಸಂಜೆಗೇ ವಾಪಸು ಬಂದೆ. ಕಳೆದ ಸಲ ಮೂರು ದಿನಕ್ಕೆ ನಾಲ್ಕು. ಅದರಲ್ಲಿ ಮೂರು ಕರೆಂಟ್ ಹೋದಾಗ ಜನರೇಟರಿಗೆ ಡೀಸೆಲ್ ತರಲು ದುಡ್ಡಿಲ್ಲ ಅಂತ. ಈಗ ಡೀಸೆಲ್ಲಿನ ಎರಡು ಸಾವಿರ ರೂಪಾಯಿ ಸ್ಟಾಕ್ ಪುಸ್ತಕದ ಜತೆಗೇ ಅಕ್ಕನ ಮೇಜಿನಲ್ಲಿರುತ್ತದೆ.